ಸೂಟ್‌ಕೇಸಿನ ಸೂಟು

ಅರಸೀಕೆರೆಯಲ್ಲಿ ಈಗ ಯಾರಾದರೂ ವಿಮಾನ ಹತ್ತುವವರಿದ್ದರೆ ಹಿಂದಿನ ದಿನ ಸಂಜೆ ಪೆಟ್ಟಿಗೆ ಎತ್ತಿಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಕೊಬ್ಬರಿ ಮಂಡಿಯಲ್ಲಿ ತೂಕದವನು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಕಾಶಿಗೆ ಹೊರಟವರು, ಉಮ್ರಾಗೆ ಹೊರಟವರು, ದುಬೈಯಲ್ಲಿ ಗಾರೆ ಕೆಲಸಕ್ಕೆ ಹೊರಟವರು, ಎಲ್ಲರ ಪೆಟ್ಟಿಗೆಯನ್ನೂ ಮಂಡಿಯ ಕಾಟಾದ ಮೇಲಿಟ್ಟು ತೂಗಿ ಕೊಡುತ್ತೇನೆ. ಅದಕ್ಕೆ ಕಾಸು ಮುಟ್ಟುವುದಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ಕೊಡುತ್ತೇನೆ. "ಅಲ್ರೀ, ಕೈಚೀಲ ಏಳು ಕೆ.ಜಿ. ಅಂದ್ರೆ ಏಳೇ ಕಣ್ರೀ. ನಿಮ್ಮ ಉಪ್ಪಿನಕಾಯಿ ಡಬ್ಬ ನೋಡಿ ಅವರೇನು ಎಂಟು ಮಾಡಲ್ಲ. ತೆಗೀರಿ ಆಚೆಗೆ" ಎನ್ನುತ್ತೇನೆ. ಅವರು ಮುಖ ಸಣ್ಣಗೆ ಮಾಡಿಕೊಂಡು ತೆಗೆಯುತ್ತಾರೆ.

ಎಷ್ಟು ಕೆ.ಜಿ. ಒಯ್ಯಬಹುದು ಎಂಬುದು ಟಿಕೆಟ್ಟಿನಲ್ಲೇ ಬರೆದಿರುತ್ತದೆ, ಅದನ್ನು ಓದಿ ಎನ್ನುತ್ತೇನೆ. ತೂಕ ಜಾಸ್ತಿ ಅನ್ನಿಸಿದರೆ ಮನೆಯಲ್ಲೇ ಕೂತು ಫೋನಿನಲ್ಲಿ ಮೊದಲೇ ಕಟ್ಟಿಬಿಡಿ, ಕೌಂಟರಿನ ಮುಂದೆ ಕಟ್ಟಿದರೆ ಬರೆ ಬೀಳುತ್ತದೆ ಎನ್ನುತ್ತೇನೆ. ವಿಮಾನ ಹೊರಡುವ ಒಂದು ಗಂಟೆ ಮುಂಚೆ ಕೌಂಟರ್ ಮುಚ್ಚುತ್ತದೆ ಎಂಬುದನ್ನು ಎರಡೆರಡು ಸಲ ಹೇಳುತ್ತೇನೆ. ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದರೆ ಫೋನಿನಲ್ಲಿ ನೋಡಿದೆ ಅನ್ನುತ್ತೇನೆ. ಅದು ಸುಳ್ಳು. ಇದನ್ನು ನಾನು ಕಲಿತದ್ದು ನನ್ನ ಭಾವನನ್ನು ಕಳೆದುಕೊಂಡು.

ಭಾವ ಅಂದರೆ ನನ್ನ ಅಕ್ಕನ ಗಂಡ. ಊರು ಹಳೇಬೀಡಿನ ಹತ್ತಿರದ ಹುಲಿಕೆರೆ. ಅವರಿಗೆ ಮಕ್ಕಳಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು, ಮತ್ತೆ ವಾಪಸ್ಸು, ಇಷ್ಟೇ ಅವರ ಪ್ರಪಂಚ. ಚೀಲ ಕಂಡರೆ ಲಗೇಜ್ ಟಿಕೆಟ್ ಹರಿಯದೆ ಬಿಡುತ್ತಿರಲಿಲ್ಲ. ನಮ್ಮ ಅವ್ವ ಒಂದು ಸಲ ಮಗಳ ಮನೆಗೆ ಅಂತ ಅರ್ಧ ಮೂಟೆ ತೆಂಗಿನಕಾಯಿ ಹಾಕಿಕೊಂಡು ಅವರ ಬಸ್ಸನ್ನೇ ಹತ್ತಿದ್ದಳು. ಅಳಿಯ ಬಿಟ್ಟುಕೊಂಡಾನು ಎಂಬ ಧೈರ್ಯ ಅವಳಿಗೆ. ಇವರು ಲಗೇಜ್ ಟಿಕೆಟ್ ಹರಿದು ಅತ್ತೆಯ ಕೈಗೆ ಕೊಟ್ಟು, ತಮ್ಮ ಜೇಬಿನಿಂದ ಕಾಸು ತೆಗೆದು ಚರ್ಮದ ಬ್ಯಾಗಿಗೆ ಹಾಕಿದರಂತೆ. ಅವ್ವ ಸಾಯುವ ತನಕ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ನನಗೂ ಅವರಿಗೂ ಸ್ವಭಾವದಲ್ಲಿ ಅಜಗಜಾಂತರ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರು ಸಾವಿರ ಜನರ ಜೊತೆ ದಿನಾ ಚಿಲ್ಲರೆಗೆ ಏಗಿಯೂ ದನಿ ಏರಿಸಿದವರಲ್ಲ. "ಜಗಳ ಆಡಕ್ಕೆ ಬಸ್ ನಿಲ್ಲಿಸ್ಕಂಡ್ರೆ ಒಳಗಿರೋ ಐವತ್ತು ಜನ ಏನ್ ಪಾಪ ಮಾಡವ್ರೆ ಬಾಮೈದ?" ಎನ್ನುತ್ತಿದ್ದರು. ದನಿ ಎತ್ತುತ್ತಿದ್ದದ್ದು ಒಂದೇ ಮಾತಿಗೆ. ಬಾಗಿಲು ಎಳೆದುಕೊಂಡು "ರೈಟ್!" ಎಂದರೆ ಬಸ್ ನಿಲ್ದಾಣದ ಆಚೆ ತುದಿಗೂ ಕೇಳುತ್ತಿತ್ತು.

ಎಲೆಅಡಿಕೆ ಹೊಗೆಸೊಪ್ಪಿನ ಚಟ ಆ ಗಂಟಲಿಗೇ ಬಂದು ಕೂತಿತು. ನಿವೃತ್ತರಾದ ಎರಡನೆಯ ವರ್ಷ ನಾಲಿಗೆಯ ಬುಡದಲ್ಲಿ ಹುಣ್ಣು. ಆಯುರ್ವೇದ, ನಾಟಿ ಔಷಧಿ ಅಂತ ಆರು ತಿಂಗಳು ಹಾಳುಮಾಡಿಕೊಂಡು ಬೆಂಗಳೂರಿಗೆ ಹೋಗುವಷ್ಟರಲ್ಲಿ ಮಾತು ನಿಂತಿತ್ತು. ಮೂಗಿನಿಂದ ಹೊಟ್ಟೆಗೆ ಒಂದು ನಳಿಕೆ ಇಳಿಸಿದ್ದರು, ಗಂಜಿ ಅದರಲ್ಲೇ. ಹೇಳಬೇಕಾದದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಬೆಂಗಳೂರಿನ ಡಾಕ್ಟರು ಒಳ್ಳೆಯ ಮನುಷ್ಯ. ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ತಮ್ಮ ಗುರುಗಳಿದ್ದಾರೆ, ಈ ಆಪರೇಷನ್ನಿನಲ್ಲಿ ಅವರ ಕೈ ಪಳಗಿದೆ ಎಂದು ಪತ್ರ ಬರೆದು, ಫೋನು ಮಾಡಿ, ಒಂದು ಹಾಸಿಗೆ ಗೊತ್ತುಮಾಡಿ ಕೊಟ್ಟರು. "ಹೇಳಿದ ದಿನ ಸಂಜೆ ಐದರ ಒಳಗೆ ಹೋಗಿ ಸೇರ್ಬೇಕು. ಮಾರನೇ ದಿನ ಆಪರೇಷನ್. ಒಂದು ದಿನ ತಪ್ಪಿದ್ರೂ ಹಾಸಿಗೆ ಮುಂದಿನವರಿಗೆ ಹೋಗುತ್ತೆ. ಅಲ್ಲಿ ಕಾಯೋರು ಬಹಳ" ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ನಾನು ಹೂಂ ಅಂದೆ.

ಅರಸೀಕೆರೆಯವರಿಗೆ ರೈಲು ಬಿಟ್ಟರೆ ಬೇರೆ ಗೊತ್ತಿಲ್ಲ. ಮೂಟೆಗಟ್ಟಲೆ ಕಟ್ಟಿಕೊಂಡು ಸೀಟಿನ ಕೆಳಗೆ ತುರುಕಿದರೆ ಯಾರೂ ಕೇಳುವುದಿಲ್ಲ. ಆದರೆ ಭಾವನಿಗೆ ಅಷ್ಟು ಹೊತ್ತು ಕೂರಲಾಗುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ವಿಮಾನದಲ್ಲೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಚೀಟಿ ಕೊಟ್ಟರು. ಮೂರು ಟಿಕೆಟ್ ಮಾಡಿಸಿದೆ, ಅವರಿಬ್ಬರಿಗೆ ಮತ್ತು ನನಗೆ. ಅವರನ್ನು ಸೇರಿಸಿ ನಾಲ್ಕು ದಿನ ಇದ್ದು ನಾನು ವಾಪಸ್ಸು ಬರುವುದು, ಅವರಿಬ್ಬರು ಆಸ್ಪತ್ರೆ ಪಕ್ಕದ ಧರ್ಮಶಾಲೆಯಲ್ಲಿ ಮೂರು ತಿಂಗಳು ಇರುವುದು, ಹೀಗೆ ಲೆಕ್ಕ. ಟಿಕೆಟ್ ಮಾಡಿಕೊಟ್ಟವನು ಹೇಳಿದ, ತಲೆಗೆ ಹದಿನೈದು ಕೆ.ಜಿ. ಪೆಟ್ಟಿಗೆ, ಏಳು ಕೆ.ಜಿ. ಕೈಚೀಲ. "ಅಷ್ಟೇ ತಾನೆ? ತೂಕದ ವಿಷ್ಯ ನಂಗೆ ಬಿಡು" ಅಂದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಮಂಡಿಗೆ ರೈತ ಕೊಬ್ಬರಿ ತರುವುದು ಚೀಲದಲ್ಲಿ. ಚೀಲ ಸಮೇತ ಕಾಟಾದ ಮೇಲೆ ಇಡುತ್ತೇವೆ. ಆಮೇಲೆ ಬರೀ ಚೀಲದ ತೂಕವನ್ನು ಕಳೆದು ಉಳಿದದ್ದಕ್ಕೆ ರೇಟು ಹಾಕುತ್ತಾರೆ. ಹಾಗೆ ಕಳೆಯುವುದಕ್ಕೆ ಸೂಟು ಎನ್ನುತ್ತಾರೆ. ಮಾಲಿಗೆ ತೂಕ, ಚೀಲಕ್ಕಲ್ಲ. ಇದು ನನಗೆ ಉಸಿರಾಟದಷ್ಟು ಸಹಜವಾದ ಮಾತು. ಚೀಲದ ತೂಕಕ್ಕಿಂತ ಜಾಸ್ತಿ ಸೂಟು ಹೊಡೆಯಲು ನೋಡಿದ ಖರೀದಿದಾರರ ಹತ್ತಿರ ನಾನು ಅರ್ಧ ಕೆ.ಜಿ.ಗೆ, ಕಾಲು ಕೆ.ಜಿ.ಗೆ ಬೀದಿಗೆ ಬಿದ್ದು ಜಗಳಾಡಿದ್ದೇನೆ. ರೈತರು ನನ್ನ ಕಾಟಾವನ್ನೇ ಹುಡುಕಿಕೊಂಡು ಬರುತ್ತಿದ್ದರು. ನನ್ನ ಜೀವನದಲ್ಲಿ ಹೆಮ್ಮೆಪಡುವಂಥದ್ದು ಏನಾದರೂ ಇದ್ದರೆ ಇದೊಂದೇ ಇತ್ತು.

ವಿಮಾನದವರೂ ಹಾಗೇ ತೂಗುತ್ತಾರೆ ಎಂದುಕೊಂಡೆ. ಅಂದುಕೊಂಡೆ ಅನ್ನುವುದೂ ತಪ್ಪು, ಬೇರೆ ಥರ ಇರಬಹುದು ಎಂಬ ಯೋಚನೆಯೇ ನನ್ನ ತಲೆಗೆ ಬರಲಿಲ್ಲ.

ಹೊರಡುವ ಹಿಂದಿನ ದಿನ ಅಕ್ಕ ಭಾವ ಹುಲಿಕೆರೆಯಿಂದ ನಮ್ಮ ಮನೆಗೆ ಬಂದರು. ಯಾರ್ಯಾರ ಮನೆಯಿಂದಲೋ ಕೇಳಿ ತಂದ ಮೂರು ಹಳೆಯ ಗಟ್ಟಿ ಸೂಟ್‌ಕೇಸುಗಳು. ಮಂಡಿಗೆ ಒಯ್ದು ಮೊದಲು ಖಾಲಿ ಪೆಟ್ಟಿಗೆ ತೂಗಿದೆ, ಆಮೇಲೆ ತುಂಬಿ ತೂಗಿದೆ. ಅಕ್ಕ ತಂದದ್ದು ಬಟ್ಟೆ, ಹೊದಿಕೆ, ಔಷಧಿ, ಗಂಜಿಗೆ ರಾಗಿ ಹಿಟ್ಟು, ಖಾರದ ಪುಡಿ, ಒಂದು ಕುಕ್ಕರು. ಸೂಟು ಕಳೆದರೆ ಇನ್ನೂ ಎಂಟು ಒಂಬತ್ತು ಕೆ.ಜಿ. ಹಿಡಿಯುತ್ತಿತ್ತು.

"ಸಾಕು ಬಿಡೋ, ಇಷ್ಟೇ ಸಾಕು" ಅಂದಳು ಅಕ್ಕ.

"ಟಿಕೆಟ್ ಕಾಸು ಕೊಟ್ಟಿಲ್ವೇನಕ್ಕ? ಹದಿನೈದು ಅಂದ್ರೆ ಹದಿನೈದು. ಬಿಟ್ಟುಕೊಡೋಕೆ ಅವರೇನು ನಮ್ಮ ನೆಂಟ್ರಾ? ಹಾಕು ಅಕ್ಕಿ" ಅಂದೆ. ನಾನೇ ಅಕ್ಕಿ ಅಳೆದು ಹಾಕಿದೆ. ಮೇಲಿಂದ ಎಂಟು ಕೊಬ್ಬರಿ ಗಿಟುಕು. ಗ್ರಾಮಿಗೆ ಸರಿಯಾಗಿ ಹದಿನೈದು ಬರುವ ತನಕ ಹಿಡಿ ಹಿಡಿಯಾಗಿ ಹಾಕಿ ತೆಗೆದು ಮಾಡಿದೆ. ಮಂಡಿಯ ಅಭ್ಯಾಸದಂತೆ ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಮೇಲೆ ಬರೆದೆ: ೧೯.೪, ಕಳೆ ೪.೪, ಹದಿನೈದು. ಮೂರರ ಮೇಲೂ ಹಾಗೇ ಬರೆದೆ. ಭಾವ ಒಂದು ಮೂಟೆಯ ಮೇಲೆ ಕೂತು ನೋಡುತ್ತಿದ್ದರು. ನಗುವುದಕ್ಕೆ ಬಾಯಿ ಬಾರದು, ಕಣ್ಣಲ್ಲೇ ನಕ್ಕರು.

ಮಾರನೆಯ ದಿನ ಬೆಳಗ್ಗೆ ಐದಕ್ಕೆ ಕಾರು ಹತ್ತಿದೆವು. ಹನ್ನೊಂದೂವರೆಗೆ ವಿಮಾನ. ತುಮಕೂರು ದಾಟಿದ ಮೇಲೆ ರಸ್ತೆ ತುಂಬಾ ಲಾರಿ, ಒಂದು ಕಡೆ ಮುಕ್ಕಾಲು ಗಂಟೆ ನಿಂತೆವು. ಏರ್‌ಪೋರ್ಟಿನ ಬಾಗಿಲು ದಾಟಿ ಕೌಂಟರಿನ ಸಾಲಿನಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಕೌಂಟರಿನಲ್ಲಿದ್ದದ್ದು ಕನ್ನಡದ ಹುಡುಗಿಯೇ. ಭಾವನ ಮೂಗಿನ ನಳಿಕೆ ನೋಡಿ ಎದ್ದು ನಿಂತು, ಅವರಿಗೆ ಗಾಲಿಕುರ್ಚಿ ತರಿಸಿದಳು. ಇದನ್ನು ಬರೆಯಲೇಬೇಕು. ಆ ಮಗುವಿನದು ಏನೂ ತಪ್ಪಿರಲಿಲ್ಲ.

"ಸರ್, ಬ್ಯಾಗಲ್ಲಿ ಪವರ್ ಬ್ಯಾಂಕ್, ಲೈಟರ್, ಒಣ ಕೊಬ್ಬರಿ ಏನಾದ್ರೂ ಇದೆಯಾ?" ಅಂದಳು.

"ಕೊಬ್ಬರಿನಾ? ಯಾಕಮ್ಮ, ಕೊಬ್ಬರಿ ನಿಮಗೇನ್ ಮಾಡ್ತು?"

"ಅದರಲ್ಲಿ ಎಣ್ಣೆ ಇರತ್ತೆ ಸರ್, ಬೆಂಕಿ ಹತ್ತಬಹುದು. ಬಿಡಲ್ಲ."

ಅಕ್ಕ ನನ್ನ ಹಿಂದಿನಿಂದ, "ಐತೆ ಕಣವ್ವ, ಎಂಟು ಗಿಟುಕು ಐತೆ" ಅಂದುಬಿಟ್ಟಳು. ಸುಳ್ಳು ಹೇಳಿ ಗೊತ್ತಿಲ್ಲ ಅವಳಿಗೆ.

ಕೊಬ್ಬರಿ ರಾಶಿಯ ಮೇಲೆ ಮಲಗಿ ಎದ್ದವನು ನಾನು. ನನ್ನ ಅನ್ನವೇ ಕೊಬ್ಬರಿ. ಅದು ಲೈಟರಿನ ಜೊತೆ ಸೇರಿತಲ್ಲ ಎಂದು ಮೈ ಉರಿಯಿತು. ಪೆಟ್ಟಿಗೆ ಬಿಚ್ಚಿ ಗಿಟುಕುಗಳನ್ನು ತೆಗೆದು ಕಸದ ಡಬ್ಬಿಯ ಪಕ್ಕ ಇಟ್ಟು ಬಂದೆ. ಆಗಲೇ ನನ್ನ ತಲೆ ಕಾದಿತ್ತು. ಆಮೇಲೆ ಪೆಟ್ಟಿಗೆಗಳನ್ನು ಬೆಲ್ಟಿನ ಮೇಲೆ ಇಟ್ಟರೆ ಹುಡುಗಿ ಮೆಲ್ಲಗೆ, "ಸರ್, ಹನ್ನೊಂದು ಕೆ.ಜಿ. ಇನ್ನೂರು ಗ್ರಾಂ ಜಾಸ್ತಿ ಇದೆ" ಅಂದಳು.

ಅವಳ ಪರದೆಯ ಮೇಲಿನ ಅಂಕಿ ನೋಡಿದೆ. ಕೊಬ್ಬರಿ ತೆಗೆದದ್ದು ಬಿಟ್ಟರೆ ನನ್ನ ಮಂಡಿಯ ತೂಕಕ್ಕೂ ಅವಳದಕ್ಕೂ ಒಂದು ಗ್ರಾಮೂ ವ್ಯತ್ಯಾಸವಿಲ್ಲ. "ಸರಿಯಾಗೇ ಇದೆಯಲ್ಲಮ್ಮ. ಪೆಟ್ಟಿಗೆ ತೂಕ ಕಳಿ" ಅಂದೆ.

"ಪೆಟ್ಟಿಗೆ ಸೇರಿಸಿನೇ ಸರ್ ಹದಿನೈದು."

"ಎಲ್ಲಾದ್ರೂ ಉಂಟೇನಮ್ಮ? ಮಾಲಿಗೆ ತೂಕ, ಪೆಟ್ಟಿಗೆಗಲ್ಲ. ಇಲ್ನೋಡು, ಬರೆದಿದೀನಿ." ಸೀಮೆಸುಣ್ಣದ ಬರಹವನ್ನು ಬೆರಳಿಟ್ಟು ತೋರಿಸಿದೆ.

ಅವಳು ಅದನ್ನು ಓದಿದಳು. ನಗಲಿಲ್ಲ. "ಸರ್, ವಿಮಾನಕ್ಕೆ ಎರಡೂ ಭಾರಾನೇ ಅಲ್ವಾ?" ಅಂದಳು.

ಎದುರಿನವರ ಮಾತು ಸರಿ ಅನ್ನಿಸಿದಾಗ ನಾನು ಮಾಡುವುದು ಒಂದೇ, ದನಿ ಏರಿಸುವುದು. ಏರಿಸಿದೆ. ಹನ್ನೊಂದು ಕೆ.ಜಿ.ಗೆ ಆರು ಸಾವಿರ ಚಿಲ್ಲರೆ ಕಟ್ಟಬೇಕು, ಇಲ್ಲದಿದ್ದರೆ ಅಷ್ಟು ಸಾಮಾನು ತೆಗೆದು ಇಲ್ಲೇ ಬಿಡಬೇಕು ಎಂದಳು. ನನ್ನ ಒಳಜೇಬಿನಲ್ಲಿ ಹನ್ನೆರಡು ಸಾವಿರ ರೂಪಾಯಿ ಇತ್ತು. ಅದರ ದಪ್ಪ ನನ್ನ ಎದೆಗೆ ಒತ್ತುತ್ತಿತ್ತು. ಮುಂಬೈ ಖರ್ಚಿಗೆ ಅಂತ ಇಟ್ಟದ್ದು, ನಿಜ, ಆದರೆ ಕೊಡಲಾಗದ ದುಡ್ಡೇನೂ ಅಲ್ಲ. ಕೊಡುವುದಿಲ್ಲ ಎಂದು ಪಟ್ಟು ಹಿಡಿದೆ. ಖಾಲಿ ಪೆಟ್ಟಿಗೆಯ ತೂಕಕ್ಕೆ ಕಾಸು ಕಿತ್ತುಕೊಳ್ಳುವುದು ಹಗಲು ದರೋಡೆ ಎಂದು ಕೂಗಿದೆ. ನಿಮ್ಮ ಸಾಹೇಬರನ್ನು ಕರೆಯಿರಿ ಎಂದೆ.

"ಸರ್, ಹತ್ತೂವರೆಗೆ ಕೌಂಟರ್ ಕ್ಲೋಸ್ ಆಗತ್ತೆ. ಪೇಷೆಂಟ್ ಬೇರೆ ಇದಾರೆ. ಮೊದಲು ಕಟ್ಟಿಬಿಡಿ, ಆಮೇಲೆ ಬೇಕಾದ್ರೆ ಕಂಪ್ಲೇಂಟ್ ಕೊಡಿ" ಎಂದು ಆ ಹುಡುಗಿ ಬೇಡಿಕೊಂಡಳು. ಹೌದು, ಬೇಡಿಕೊಂಡಳು ಎಂದೇ ಹೇಳಬೇಕು.

ಸಾಹೇಬರು ಬರಲು ಐದು ನಿಮಿಷ ಹಿಡಿಯಿತು. ಅವರೂ ಅದನ್ನೇ ಹೇಳಿದರು. ನಾನು ಕೊಬ್ಬರಿ ಮಂಡಿಯ ಕಾನೂನನ್ನೆಲ್ಲ ಅವರಿಗೆ ವಿವರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅದು ಇನ್ನಷ್ಟು ಕೆರಳಿಸಿತು. ಅಷ್ಟರಲ್ಲಿ ಅಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೆಲ್ಟಿನಿಂದ ಇಳಿಸಿಕೊಂಡ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದಳು. "ಹೋಗ್ಲಿ ಬಿಡೋ, ಅಕ್ಕಿ ತೆಗುದ್ಬಿಡಾನ" ಅಂದಳು.

"ಮುಚ್ಚು ಪೆಟ್ಟಿಗೆ!" ಎಂದು ಗದರಿದೆ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಮುಚ್ಚಿದಳು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

ಭಾವ ಗಾಲಿಕುರ್ಚಿಯಿಂದ ನನ್ನ ಅಂಗಿಯ ತೋಳು ಎಳೆಯುತ್ತಿದ್ದರು. ಒಂದು ಸಲ ಎಳೆದರು, ಎರಡು ಸಲ ಎಳೆದರು. "ಇರಿ ಭಾವ, ನಾನು ನೋಡ್ಕಳ್ತೀನಿ" ಎಂದು ಕೈ ಕೊಡವಿದೆ. ಮೂರನೆಯ ಸಲ ಎಳೆದಾಗ ತಿರುಗಿಯೂ ನೋಡಲಿಲ್ಲ.

ಹುಡುಗಿ ಗಡಿಯಾರ ನೋಡಿದಳು, ಸಾಹೇಬರ ಮುಖ ನೋಡಿದಳು. "ಸಾರಿ ಸರ್. ಕ್ಲೋಸ್ ಆಯ್ತು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಒಳಜೇಬಿಗೆ ಕೈ ಹಾಕಿದೆ, ದುಡ್ಡು ಬೆರಳಿಗೆ ಸಿಕ್ಕಿತು. ಸಾಹೇಬರು ತಲೆಯಾಡಿಸಿದರು. ಇನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲವಂತೆ. ಜೇಬಿನೊಳಗೆ ಇಟ್ಟ ಕೈ ಹಾಗೇ ಇಟ್ಟುಕೊಂಡು ನಿಂತೆ.

ಆಗ ತಿರುಗಿ ನೋಡಿದರೆ ಭಾವನ ತೊಡೆಯ ಮೇಲೆ ನೋಟ್ ಪುಸ್ತಕ ತೆರೆದಿತ್ತು. ಮೊದಲ ಸಾಲು ಸಣ್ಣ ಅಕ್ಷರದಲ್ಲಿ, "ಲಗೇಜ್ ಟಿಕೆಟ್ ತಗೋ." ಅದರ ಕೆಳಗೆ ಸ್ವಲ್ಪ ದೊಡ್ಡದಾಗಿ, "ಕಾಸು ಕೊಡು ಬಾಮೈದ. ಹೊರಡಾನ." ಮುಂದಿನ ಹಾಳೆಯಲ್ಲಿ ಪುಟದ ತುಂಬಾ ಒಂದೇ ಮಾತು, "ರೈಟ್." ಪೆನ್ನು ಒತ್ತಿದ್ದಕ್ಕೆ ಕಾಗದ ತೂತು ಬಿದ್ದಿತ್ತು.

ಅಯ್ಯೋ ಶಿವನೇ, ಒಂದು ಸಲ ತಿರುಗಿ ನೋಡಬಾರದಿತ್ತೇ ನಾನು.

ಮಧ್ಯಾಹ್ನದ ವಿಮಾನ ತುಂಬಿತ್ತು. ಸಂಜೆಯದರಲ್ಲಿ ಒಂದೇ ಸೀಟು, ಅದೂ ರಾತ್ರಿಗೆ ಮುಟ್ಟುವುದು. ಮಾತು ಬಾರದವರನ್ನು ಒಬ್ಬರೇ ಹೇಗೆ ಕಳಿಸುವುದು? ಮಾರನೆಯ ದಿನ ಬೆಳಗ್ಗೆಗೆ ಮೂರು ಸೀಟು ಸಿಕ್ಕವು. ಒಂದೊಂದು ಟಿಕೆಟ್ಟಿಗೂ ಎಂಟು ಸಾವಿರದ ಮೇಲೆ. ಜೇಬಿನ ದುಡ್ಡು ಸಾಲದು, ಮಂಡಿ ಸಾಹುಕಾರರಿಗೆ ಫೋನು ಮಾಡಿ, "ಕೈಲಿ ಕಾಸಿಲ್ಲ ಸಾಹುಕಾರ್ರೇ, ಸ್ವಲ್ಪ ಕಳಿಸಿ" ಎಂದು ಕೇಳಿದೆ. ಅವರು ಫೋನಿಗೇ ಹಾಕಿದರು. ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಫೋನು ಮಾಡಿದರೆ, ಐದರ ಒಳಗೆ ಬರದಿದ್ದರೆ ನಾವೇನೂ ಮಾಡಲಾಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ ಇಟ್ಟರು. ಅವತ್ತು ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಬೆಳಗ್ಗೆ ಅಕ್ಕ ಅಕ್ಕಿ, ಕುಕ್ಕರು, ರಾಗಿ ಹಿಟ್ಟು ತೆಗೆದು ಲಾಡ್ಜಿನ ಕೆಲಸದವಳಿಗೆ ಕೊಟ್ಟಳು. ಐದು ನಿಮಿಷದ ಕೆಲಸ ಅದು.

ಮುಂಬೈ ಮುಟ್ಟಿದಾಗ ನಮ್ಮ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಡಾಕ್ಟರ ಪತ್ರ ತೋರಿಸಿದೆ, ಕೈ ಮುಗಿದೆ, ಕಾಲಿಗೆ ಬೀಳಲು ಹೋದೆ. ಅಲ್ಲಿ ಕಾಲಿಗೆ ಬೀಳುವವರೂ ಬಹಳ ಜನ ಇದ್ದರು. ಹೆಸರು ಬರೆದುಕೊಂಡು ಕಾಯಿರಿ ಎಂದರು. ನಾಲ್ಕು ದಿನ ಇದ್ದು ಮಂಡಿ ಕೆಲಸಕ್ಕೆ ವಾಪಸ್ಸು ಬಂದೆ. ಅಕ್ಕ ಭಾವ ಧರ್ಮಶಾಲೆಯ ವರಾಂಡದಲ್ಲಿ ಒಂದು ತಿಂಗಳ ಮೇಲೆ ಕಾದರು. ದಿನಾ ಫೋನು ಮಾಡುತ್ತಿದ್ದೆ. "ಇನ್ನೂ ಕರೀಲಿಲ್ಲ ಕಣೋ" ಎನ್ನುತ್ತಿದ್ದಳು. ಕರೆದ ದಿನ ಮತ್ತೆ ಸ್ಕ್ಯಾನ್ ಮಾಡಿದರು. ಗಂಟು ಕತ್ತಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಇನ್ನು ಚಾಕು ಹಾಕುವಂತಿಲ್ಲ ಎಂದರು. ನೋವಿನ ಮಾತ್ರೆ ಬರೆದುಕೊಟ್ಟು ಊರಿಗೆ ಹೋಗಿ ಎಂದರು.

ಬರುವಾಗ ರೈಲಿನಲ್ಲೇ ಬಂದರು. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಸಿಕೊಂಡೆ. ಭಾವನನ್ನು ತೋಳಲ್ಲಿ ಹಿಡಿದು ಇಳಿಸಿದಾಗ ನನ್ನ ಕೈಗೆ ಗೊತ್ತಾಯಿತು, ನಲವತ್ತೆರಡು ನಲವತ್ಮೂರು ಕೆ.ಜಿ. ಇರಬಹುದು ಎಂದು. ಥೂ, ಎಂಥ ಕೈ ಇದು, ಅಂಥ ಹೊತ್ತಿನಲ್ಲೂ ತೂಕ ಹಾಕುತ್ತದೆ. ಹುಲಿಕೆರೆಯಲ್ಲಿ ಎರಡೂವರೆ ತಿಂಗಳು ಬದುಕಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಅವರು ನನ್ನ ಕೈ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದರು. ವಿಮಾನ ತಪ್ಪಿದ ವಿಷಯವನ್ನು ಪುಸ್ತಕದಲ್ಲಿ ಒಂದು ದಿನವೂ ಬರೆಯಲಿಲ್ಲ. ಬೆಂಗಳೂರಿನ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಆ ಒಂದು ದಿನ ತಪ್ಪದಿದ್ದರೆ ಉಳಿಯುತ್ತಿದ್ದರಾ ಎಂದು ಕೇಳಿದೆ. "ಹೇಳಕ್ಕಾಗಲ್ಲ. ಉಳೀಬಹುದಿತ್ತು" ಅಂದರು.

ಊರಲ್ಲಿ ಯಾರಾದರೂ ಕೇಳಿದರೆ ಅಕ್ಕ, "ವಿಮಾನ ತಪ್ಪೋಯ್ತು" ಎನ್ನುತ್ತಿದ್ದಳು. ತಮ್ಮ ತಪ್ಪಿಸಿದ ಎಂದು ಯಾರ ಹತ್ತಿರವೂ ಅನ್ನಲಿಲ್ಲ. ಸಾವಿನ ಮನೆಯಲ್ಲೂ ಅನ್ನಲಿಲ್ಲ, ತಿಥಿಯ ದಿನವೂ ಅನ್ನಲಿಲ್ಲ. ಎಲ್ಲರಿಗಿಂತ ಮೊದಲು ನನಗೇ ಎಲೆ ಹಾಕಿ ಬಡಿಸಿದಳು. ಅವಳು ಒಂದು ಸಲ ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳ ಆ ಸುಮ್ಮನಿರುವಿಕೆ ನನಗೆ ಅನ್ನ ಇಳಿಯದ ಹಾಗೆ ಮಾಡಿತ್ತು. ಇಷ್ಟು ದೊಡ್ಡ ಮನಸ್ಸು ಹೇಗೆ ಬಂತು ಇವಳಿಗೆ ಎಂದು ಯೋಚಿಸುತ್ತಿದ್ದೆ.

ಭಾವ ಹೋಗಿ ನಾಲ್ಕು ತಿಂಗಳಾದ ಮೇಲೆ ಜಮೀನಿನ ಖಾತೆಯನ್ನು ಅಕ್ಕನ ಹೆಸರಿಗೆ ಮಾಡಿಸಲು ಇಬ್ಬರೂ ಬೇಲೂರಿನ ತಾಲ್ಲೂಕು ಕಚೇರಿಗೆ ಹೋಗಿದ್ದೆವು. ಅರ್ಜಿ ಕೊಟ್ಟು ಬಸ್ ನಿಲ್ದಾಣಕ್ಕೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ಸಿಮೆಂಟು ಬೆಂಚಿನ ಮೇಲೆ ಕೂತೆವು. ಗುಡಿ ನೋಡಲು ಬಂದ ಸ್ಕೂಲು ಮಕ್ಕಳ ಸಾಲೊಂದು ಗಲಾಟೆ ಮಾಡಿಕೊಂಡು ಹೋಯಿತು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅವತ್ತು ಏರ್‌ಪೋರ್ಟಲ್ಲಿ..."

"ಬಿಡೋ ಅದ್ನ" ಅಂದಳು. "ನಂದೇ ತಪ್ಪು."

"ನಿಂದೇನಕ್ಕ ತಪ್ಪು?"

ಅವಳು ಕೈಯಲ್ಲಿದ್ದ ಅರ್ಜಿಯ ರಸೀದಿಯನ್ನು ಮಡಿಸುತ್ತಾ ಮಡಿಸುತ್ತಾ ಹೇಳಿದಳು. "ನನ್ನ ಸೊಂಟದ ಚೀಲದಾಗೆ ಹತ್ತು ಸಾವಿರ ಇತ್ತು ಕಣೋ. ತೆಗ್ದು ಆ ಹುಡ್ಗಿ ಮುಂದೆ ಇಕ್ಕಿದ್ರೆ ಮುಗ್ದೋಗದು. ಇಕ್ಕಲಿಲ್ಲ. ಟಿಕೀಟು, ಕಾರು, ಎಲ್ಲಾದ್ಕೂ ನೀನೇ ಕೊಟ್ಟಿದ್ದೆ. ಪಾಪ, ಕೈಲಿ ಕಾಸಿಲ್ಲ, ಇಲ್ಲ ಅಂತ ಹೇಳ್ಕಳಕ್ಕಾಗ್ದೆ ಹಿಂಗೆ ಕೂಗಾಡ್ತಾವ್ನೆ ಅಂದ್ಕಂಡೆ. ನಾನು ತೆಗುದ್ರೆ ಅಷ್ಟು ಜನದ ಮುಂದೆ ನಿನ್ ತಲೆ ತಗ್ಗತೈತಲ್ಲ ಅಂತ ಸುಮ್ಕಾದೆ. ಆಮೇಲೆ ನೀನು ಸಾಹುಕಾರ್ರಿಗೆ ಫೋನ್ ಮಾಡಿ ಕಾಸಿಲ್ಲ ಅಂದೆಯಲ್ಲ, ಆವಾಗ ನಾನಂದ್ಕಂಡಿದ್ದೇ ದಿಟ ಅಂದ್ಕಂಡೆ. ತಮ್ಮನ ಮರ್ವಾದೆ ಉಳ್ಸಕ್ಕೋಗಿ ಅವ್ರನ್ನ ಕಳ್ಕಂಡೆ. ಅವ್ರ ಮುಂದೆ ಒಂದಿನಾನೂ ಹೇಳ್ಲಿಲ್ಲ ಇದ್ನ."

ನಾಲ್ಕು ತಿಂಗಳಿಂದ ನಾನು ದೊಡ್ಡ ಮನಸ್ಸು ಎಂದುಕೊಂಡದ್ದು ಇದು. ಅವಳು ನನ್ನನ್ನು ಕ್ಷಮಿಸಿರಲಿಲ್ಲ. ಕ್ಷಮಿಸುವಂಥದ್ದು ನನ್ನ ಕಡೆ ಏನೂ ಇಲ್ಲ ಎಂದು ತಿಳಿದು, ಗಂಡನ ಸಾವನ್ನು ತನ್ನ ಮೈಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಬಡವ ತಮ್ಮನಾಗಿ ಅವಳ ಕಣ್ಣಲ್ಲಿ ಸಾಯುವ ತನಕ ಉಳಿಯಬಹುದಿತ್ತು. ಸತ್ಯ ಹೇಳಬೇಕೆಂದರೆ, ಒಂದು ಗಳಿಗೆ ಹಾಗೇ ಇದ್ದುಬಿಡೋಣ ಅನ್ನಿಸಿತು ಕೂಡ.

"ಇತ್ತು ಅಕ್ಕ" ಅಂದೆ.

"ಏನಿತ್ತು?"

"ಕಾಸು. ಜೇಬಲ್ಲಿ ಹನ್ನೆರಡು ಸಾವಿರ ಇತ್ತು."

ಅವಳು ರಸೀದಿ ಮಡಿಸುವುದನ್ನು ನಿಲ್ಲಿಸಿದಳು. "ಆವಾಗ್ಲೇ ಇತ್ತಾ? ಆ ಹುಡ್ಗಿ ಕೇಳೋ ಹೊತ್ಗೆ?"

"ಇತ್ತು."

"ಮತ್ಯಾಕೋ ಕೊಡ್ಲಿಲ್ಲ?"

"ಪೆಟ್ಟಿಗೆ ತೂಕಕ್ಕೆ ಕಾಸು ಕೊಡೋದು ನ್ಯಾಯ ಅಲ್ಲ ಅಂತ" ಅಂದೆ. ಬೇಲೂರಿನ ಬಸ್ ನಿಲ್ದಾಣದಲ್ಲಿ, ಹಾಡುಹಗಲಲ್ಲಿ, ಆ ಮಾತು ನನ್ನ ಬಾಯಿಂದ ಬಂದದ್ದು ನನ್ನ ಕಿವಿಗೇ ಕೇಳಿಸಿತು.

ಅಕ್ಕ ನನ್ನ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಬೆಂಚಿನಿಂದ ಎದ್ದು ಹೋಗಿ ಕಂಬದ ಹತ್ತಿರ ನಿಂತಳು. ಬಸ್ಸು ಬಂತು. ಜನರ ನಡುವೆ ನುಗ್ಗಿ ಹತ್ತಿ ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಅವಳ ಪಕ್ಕದ ಸೀಟು ಖಾಲಿ ಇತ್ತು. ನಾನು ಅಲ್ಲಿಗೆ ಹೋಗದೆ ಅವಳ ಹಿಂದೆ ಕಂಬಿ ಹಿಡಿದು ನಿಂತೆ. ಕೈ ಚಾಚಿದರೆ ಅವಳ ಭುಜ ಸಿಗುವಷ್ಟು ದೂರ.

ಕಂಡಕ್ಟರ್ ಬಂದ. ಅಕ್ಕ ಆಧಾರ್ ಕಾರ್ಡು ತೋರಿಸಿ ಹಳೇಬೀಡು ಅಂದಳು. ಅವನು ಟಿಕೆಟ್ ಮೆಷಿನ್ ಒತ್ತುತ್ತಾ, "ಜೊತೆಗೆ ಯಾರಾದ್ರೂ ಅವ್ರಾ ಅವ್ವ?" ಎಂದು ಕೇಳಿದ.

"ಯಾರೂ ಇಲ್ಲ ಕಣಪ್ಪ" ಅಂದಳು ಅಕ್ಕ. "ನಾನೊಬ್ಳೇ."